ಅಪ್ಸೆಣಬಿನ ಬೀಜ ಮನೆಯಲ್ಲೇ ಇರಲಿ

ಗದ್ದೆಗೆ ಹಸುರೆಲೆ ಗೊಬ್ಬರ ಬೇಕೆಂದು ಎಲ್ಲರೂ ಒಪ್ಪುತ್ತೀರಿ. ಮಳೆ ಬಿದ್ದ ಮೇಲೆ ಬೀಜ ಸಿಕ್ಕಲಿಲ್ಲವೆಂದು ಕೈಬಿಡುತ್ತೀರಿ. ಅಪ್ಸೆಣಬನ್ನು ಎಕರೆಗೆ 20ರಿಂದ 25 ಕಿಲೋ ಒತ್ತಾಗಿ ಚೆಲ್ಲಿ, ಹೂ ಬಿಡುವ ಹೊತ್ತಿಗೆ, ಅಂದರೆ ಸುಮಾರು 45-50 ದಿನಕ್ಕೆ, ಮಣ್ಣಿಗೆ ಸೇರಿಸಿ ಉಳಬೇಕು. ತಡಮಾಡಿದರೆ ದಂಟು ನಾರಾಗಿ ಬೇಗ ಕೊಳೆಯದು. ಹೂವಿನಲ್ಲೇ ಉತ್ತುಬಿಟ್ಟ ಮೇಲೆ ಬೀಜ ಎಲ್ಲಿಂದ ಬಂದೀತು?

ಆದ್ದರಿಂದ ನೀರು ನಿಲ್ಲದ ಹೊಲದ ಒಂದು ಮೂಲೆಯನ್ನು ಬೀಜಕ್ಕೆಂದೇ ನಾಲ್ಕೈದು ತಿಂಗಳು ಬಿಡಿರಿ. ಅಲ್ಲಿ ಒತ್ತಾಗಿ ಚೆಲ್ಲಬಾರದು. ಸಾಲಿನಿಂದ ಸಾಲಿಗೆ ಒಂದೂವರೆ ಅಡಿ ಬಿಟ್ಟು ತೆಳುವಾಗಿ ಬಿತ್ತಿರಿ. ಗಾಳಿ ಬೆಳಕು ಸಿಕ್ಕ ಗಿಡ ಕವಲೊಡೆದು ಹೆಚ್ಚು ಕಾಯಿ ಕಟ್ಟುತ್ತದೆ. ಹಳದಿ ಹೂವಿಗೆ ಬರುವ ದೊಡ್ಡ ಕರಿ ದುಂಬಿಯನ್ನು ಕಂಡು ಹೆದರಬೇಡಿರಿ. ಈ ಬೆಳೆಯಲ್ಲಿ ಪರಾಗ ಗಿಡದಿಂದ ಗಿಡಕ್ಕೆ ಹೋಗಬೇಕು. ಆ ಕೆಲಸ ಮಾಡುವುದು ಅದೇ. ಹೂವಿರುವಾಗ ಔಷಧಿ ಹೊಡೆದು ದುಂಬಿ ಸತ್ತರೆ ಕಾಯಿಯೂ ಕಡಿಮೆ.

ಒಣಗಿದ ಕಾಯಿ ಮಕ್ಕಳ ಗಿಲಕಿಯಂತೆ ಸದ್ದು ಮಾಡತೊಡಗಿದಾಗ ಕೊಯ್ದು, ಬಡಿದು, ತೂರಿ, ಬೀಜವನ್ನು ಬಿಸಿಲಿಗೆ ಒಣಗಿಸಿಡಿ. ಅದರಲ್ಲಿ ವಿಷಾಂಶವಿರುವುದರಿಂದ ದನಕರುಗಳ ಬಾಯಿಗೆ ಸಿಗದಿರಲಿ. ಬಿತ್ತುವ ವಾರ ಮುಂಚೆ ನೂರು ಬೀಜ ಎಣಿಸಿ ಒದ್ದೆ ಗೋಣಿಯಲ್ಲಿ ಸುತ್ತಿಟ್ಟು ನೋಡಿರಿ. ಮೊಳಕೆ ಕಡಿಮೆ ಬಂದರೆ ಎಕರೆಗೆ ಇನ್ನಷ್ಟು ಬೀಜ ಸೇರಿಸಿಕೊಳ್ಳಿರಿ.