ಚಳಿಯೂ ಜೋಳದ ಬೇರೂ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ—2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿದ ಈ ತಾಲ್ಲೂಕುಗಳು ಬಹುಮಟ್ಟಿಗೆ ಮಳೆಯನ್ನು ನೆಚ್ಚಿದ ಬೆದ್ದಲು ಸೀಮೆ. ಇಲ್ಲಿನ ಎರೆನೆಲದಲ್ಲಿ ಹಿಂಗಾರಿ ಜೋಳವನ್ನು ಬಿತ್ತಿದ ರೈತನು ಮುಂದಿನ ಮಳೆಗಿಂತ ಹೆಚ್ಚಾಗಿ ನಂಬುವುದು ಮಣ್ಣಿನಲ್ಲಿ ನಿಂತ ತೇವವನ್ನು. ದಿನ ಕಳೆದಂತೆ ಮೇಲ್ಮಣ್ಣು ಒಣಗುತ್ತದೆ. ತೇವ ಉಳಿಯುವುದು ಆಳದಲ್ಲಿ. ಬೇರು ಅದನ್ನು ಅರಸುತ್ತ ಇಳಿಯಲೇಬೇಕು. ಆದರೆ ಅಷ್ಟರಲ್ಲಿಯೇ ಮಾರ್ಗಶಿರ, ಪುಷ್ಯ ಮಾಸಗಳ ಚಳಿಯೂ ಬರುತ್ತದೆ.

ನಮ್ಮಲ್ಲಿ ಹಿಮ ಬೀಳುವುದಿಲ್ಲ, ನಿಜ. ಆದರೂ ಜೋಳವು ಆಫ್ರಿಕದ ಬಿಸಿಲು ನಾಡಿನಲ್ಲಿ ಹುಟ್ಟಿದ ಬೆಳೆ. ಉಷ್ಣತೆ ಸುಮಾರು 15 ಡಿಗ್ರಿ ಸೆಂಟಿಗ್ರೇಡಿಗಿಂತ ಇಳಿದರೆ ಅದರ ಬೆಳವಣಿಗೆ ಮಂದವಾಗುತ್ತದೆ. ಹಾಗಾದರೆ ಬೇರು ಚಳಿಗೆ ಮರಗಟ್ಟಿ ನಿಲ್ಲುವುದೇ? ಅಷ್ಟೇ ಅಲ್ಲ. ಬೇರು ತನ್ನ ನಡೆಗೆ ತಾನೇ ಕಡಿವಾಣ ಹಾಕಿಕೊಳ್ಳುತ್ತದೆ. ಅದು ಹೇಗೆಂಬುದನ್ನು ನೋಡೋಣ.

ಬೇರಿನ ತುದಿಯಲ್ಲಿ ಜೀವಕೋಶಗಳು ಸದಾ ಒಡೆದು ಹೆಚ್ಚುತ್ತಿರುತ್ತವೆ. ಎಷ್ಟು ಬೆಳೆಯಬೇಕು, ಎತ್ತ ಬಾಗಬೇಕು ಎಂಬುದನ್ನು ಅವಕ್ಕೆ ತಿಳಿಸುವ ಮುಖ್ಯ ಹಾರ್ಮೋನು ಆಕ್ಸಿನ್. ಇದು ಕೋಶದಿಂದ ಕೋಶಕ್ಕೆ ದಾಟಲು ಕೋಶದ ಪೊರೆಯಲ್ಲಿ ಪ್ರೋಟೀನಿನ ಬಾಗಿಲುಗಳುಂಟು. ಸಾಸಿವೆಯ ಕುಟುಂಬಕ್ಕೆ ಸೇರಿದ ಅರಾಬಿಡಾಪ್ಸಿಸ್ ಎಂಬ ಪುಟ್ಟ ಗಿಡವನ್ನು 4 ಡಿಗ್ರಿಯ ಚಳಿಯಲ್ಲಿಟ್ಟಾಗ ಈ ಬಾಗಿಲುಗಳ ಓಡಾಟಕ್ಕೆ ಅಡ್ಡಿಯಾಗಿ, ಬೇರು ಭೂಮಿಯತ್ತ ಬಾಗುವುದೂ ಕುಂದಿತೆಂದು 2009ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿದವು.

ಇನ್ನೊಂದು ಕಡಿವಾಣ ಇನ್ನೂ ಸೂಕ್ಷ್ಮವಾದುದು. ಜೀನುಗಳಲ್ಲಿರುವ ಆಜ್ಞೆಯ ನಕಲನ್ನು ಹೊತ್ತು ತರುವುದು ಸಂದೇಶವಾಹಕ ಆರ್.ಎನ್.ಎ. ಸುಮಾರು 21 ಅಕ್ಷರಗಳಷ್ಟೇ ಉದ್ದದ ಕಿರು ಆರ್.ಎನ್.ಎ.ಗಳು ತಮಗೆ ಹೊಂದುವ ಸಂದೇಶವನ್ನು ಹುಡುಕಿ ಕತ್ತರಿಸಿಹಾಕುತ್ತವೆ. ಇಂಥ ಕಿರು ಆರ್.ಎನ್.ಎ. ಮೊದಲು ಕಂಡದ್ದು 1993ರಲ್ಲಿ, ಒಂದು ಹುಳುವಿನಲ್ಲಿ. ಆ ಶೋಧಕ್ಕೆ 2024ರ ನೊಬೆಲ್ ಬಹುಮಾನ ಸಂದಿತು. ಅರಾಬಿಡಾಪ್ಸಿಸ್ ಗಿಡದಲ್ಲಿ ಮಿರ್-393 ಎಂಬುದು ಚಳಿಯಲ್ಲಿ ಹೆಚ್ಚುತ್ತದೆ. ಇದು ಕತ್ತರಿಸುವುದು ಆಕ್ಸಿನ್ನನ್ನು ಗುರುತಿಸುವ ಪ್ರೋಟೀನುಗಳ ಸಂದೇಶವನ್ನೇ. ಡಂಗುರ ಸಾರಿದರೂ ಕೇಳುವ ಕಿವಿಗಳು ಕಡಿಮೆಯಾದಂತಾಯಿತು!

ಇದು ಗಿಡದ ಮಿತವ್ಯಯ. ಕಷ್ಟಕಾಲದಲ್ಲಿ ಬೆಳವಣಿಗೆಯನ್ನು ತಡೆದು ಅದು ಜೀವವನ್ನು ಉಳಿಸಿಕೊಳ್ಳುತ್ತದೆ. ಆದರೆ ತೇವ ಆರುತ್ತಿರುವ ಹೊಲದಲ್ಲಿ ಬೇರು ಹಿಂದುಳಿದರೆ ತೆನೆ ಜೊಳ್ಳಾದೀತು. ಜೋಳದಲ್ಲಿ ಈ ಕಡಿವಾಣಗಳ ಬಿಗಿ ಎಷ್ಟೆಂಬುದನ್ನು ತಳಿ ತಜ್ಞರು ಅಳೆದು, ಚಳಿಯಲ್ಲಿಯೂ ಬೇರಿಳಿಸುವ ತಳಿಗಳನ್ನು ಆರಿಸಬೇಕು. ರೈತನ ಕೈಯಲ್ಲಿ ಈಗಲೇ ಇರುವ ಉಪಾಯವೂ ಒಂದುಂಟು: ಹದ ತಪ್ಪದಂತೆ ಸಕಾಲದಲ್ಲಿ ಬಿತ್ತುವುದು. ರಾತ್ರಿಯ ಚಳಿಗೆ ಮೊದಲು ತಣ್ಣಗಾಗುವುದು ಮೇಲ್ಮಣ್ಣು; ಆಳದ ಮಣ್ಣು ಬೆಚ್ಚಗೆ ಉಳಿದಿರುತ್ತದೆ. ಚಳಿಗೆ ಮುಂಚೆಯೇ ಆಳಕ್ಕಿಳಿದ ಬೇರಿಗೆ ನೀರೂ ಬೆಚ್ಚನೆಯ ನೆಲೆಯೂ ಒಟ್ಟಿಗೇ ದೊರೆಯುತ್ತವೆ.