ಚಾಲಕನ ಬೆವರು ಮತ್ತು ನಮ್ಮ ಹೊಣೆ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಲ್ಲಿ ಬಾಡಿಗೆ ಕಾರು ಅಥವಾ ಬಸ್ಸು ಓಡಿಸಿ ಸಂಸಾರ ಸಾಗಿಸುವವರು ಅನೇಕರಿದ್ದಾರೆ. ಮದುವೆಗೆ, ಆಸ್ಪತ್ರೆಗೆ, ಗಲ್ಫಿನಿಂದ ಬರುವವರನ್ನು ಬಜಪೆಯಿಂದ ಕರೆತರಲು ನಮಗೆ ಅವರೇ ಬೇಕು. ಆದರೆ ಅವರ ಹಕ್ಕುಗಳ ಬಗ್ಗೆ ನಾವೆಷ್ಟು ಯೋಚಿಸಿದ್ದೇವೆ?

ಜಿಲ್ಲೆಯ ಮೋಟಾರು ಸಾರಿಗೆಗೆ ನೂರು ವರ್ಷ ಮೀರಿದ ಇತಿಹಾಸವಿದೆ. ಮಂಗಳೂರಿನ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪೆನಿ ಆರಂಭವಾದುದು 1914ರಲ್ಲಿ. ಸಾರಿಗೆ ಕಾರ್ಮಿಕರಿಗೆಂದೇ ದೇಶವ್ಯಾಪಿ ಕಾಯ್ದೆ ಬಂದುದು ಮಾತ್ರ 1961ರಲ್ಲಿ. ಸಾಮಾನ್ಯವಾಗಿ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ದುಡಿಮೆ, ವಾರಕ್ಕೊಂದು ರಜೆ, ಹೆಚ್ಚುವರಿ ದುಡಿಮೆಗೆ ಇಮ್ಮಡಿ ಕೂಲಿ ಎಂದು ಅದು ವಿಧಿಸಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಯಲ್ಲಿ ಆ ಕಾಯ್ದೆ ವಿಲೀನವಾಯಿತು. ಆದರೆ ಅದು ಮೂಲತಃ ಅನ್ವಯಿಸಿದ್ದು ಐದು ಅಥವಾ ಹೆಚ್ಚು ಕಾರ್ಮಿಕರಿದ್ದ ಸಂಸ್ಥೆಗಳಿಗೆ. ಒಂದೇ ಕಾರಿನ ಮಾಲಿಕನೂ ಅವನ ಚಾಲಕನೂ ಅದರ ಹೊರಗುಳಿದರು. ಬತ್ತೆ ಎಷ್ಟು, ವಿಶ್ರಾಂತಿ ಎಷ್ಟು ಎಂಬುದು ಅಲ್ಲಿ ಮಾಲಿಕನ ಮನಸ್ಸಾಕ್ಷಿಗೆ ಬಿಟ್ಟ ವಿಷಯವಾಯಿತು.

ಕಾನೂನು ತಲುಪದ ಈ ಜಾಗದಲ್ಲೇ ವಿಶ್ವಾಸಿಯ ಪರೀಕ್ಷೆ ನಡೆಯುತ್ತದೆ. ಮದ್‌ಯನ್‌ನ ವೃದ್ಧರು ಪ್ರವಾದಿ ಮೂಸಾ(ಅ)ರನ್ನು ಕೆಲಸಕ್ಕಿಟ್ಟುಕೊಂಡಾಗ ಅವಧಿಯನ್ನು ಮೊದಲೇ ನಿಗದಿಪಡಿಸಿದರು, ಕಷ್ಟ ಕೊಡಲು ಬಯಸುವುದಿಲ್ಲವೆಂದೂ ತಿಳಿಸಿದರು. ಇದನ್ನು ಪವಿತ್ರ ಕುರ್‌ಆನ್‌ನ ಅಲ್ ಕಸಸ್ ಅಧ್ಯಾಯ ವಿವರಿಸುತ್ತದೆ. ಬೆವರು ಆರುವ ಮೊದಲೇ ಕೂಲಿ ಕೊಡಬೇಕೆಂದೂ ಶಕ್ತಿಗೆ ಮೀರಿದ ಕೆಲಸ ಹೊರಿಸಬಾರದೆಂದೂ ಪ್ರವಾದಿವರ್ಯರು(ಸ) ಕಲಿಸಿದರು. ಪೂರ್ತಿ ದುಡಿಸಿಕೊಂಡು ಕೂಲಿ ಕೊಡದವನ ವಿರುದ್ಧ ಅಂತ್ಯದಿನದಂದು ಸ್ವತಃ ಅಲ್ಲಾಹನೇ ವಾದಿಯಾಗುವನೆಂಬ ಎಚ್ಚರಿಕೆ ಹದೀಸ್‌ನಲ್ಲಿದೆ. ರಾತ್ರಿಯಿಡೀ ಓಡಿಸಿದವನನ್ನು ಬೆಳಗ್ಗೆ ಮತ್ತೆ ಚಾರ್ಮಾಡಿ ಘಾಟಿಗೆ ಕಳುಹಿಸುವ ಮಾಲಿಕ, ಒಪ್ಪಿದ ಬಾಡಿಗೆಯಲ್ಲಿ ಕೊನೆಗೆ ಚೌಕಾಸಿ ಮಾಡುವ ಗಿರಾಕಿ, ಇಬ್ಬರೂ ಇದನ್ನು ನೆನಪಿಡಬೇಕು. ನಿದ್ದೆಗೆಟ್ಟ ಚಾಲಕನ ಕೈಯಲ್ಲಿರುವುದು ಅವನ ಪ್ರಾಣ ಮಾತ್ರವಲ್ಲ, ಪ್ರಯಾಣಿಕರ ಪ್ರಾಣವೂ ಹೌದು.

ಕಾರ್ಮಿಕರು ಸಂಘಟಿತರಾಗಿ ನ್ಯಾಯ ಕೇಳುವುದು ತಪ್ಪಲ್ಲ. 2023ರ ಸೆಪ್ಟೆಂಬರ್ 11ರಂದು ಬೆಂಗಳೂರಿನಲ್ಲಿ ಆಟೋ, ಟ್ಯಾಕ್ಸಿ, ಖಾಸಗಿ ಬಸ್ಸುಗಳವರು ಒಟ್ಟಾಗಿ ಬಂದ್ ನಡೆಸಿದರು. ಆದರೆ ಹೋರಾಟದಲ್ಲೂ ಮಿತಿ ಬೇಕು. ರೋಗಿಯ ದಾರಿ ತಡೆಯುವುದು, ದುಡಿಯಲೇಬೇಕಾದ ಇನ್ನೊಬ್ಬ ಬಡವನ ಗಾಜು ಒಡೆಯುವುದು ಅನ್ಯಾಯವೇ. ಹಾಗೆಯೇ ಕಲೆಕ್ಷನ್ನಿನ ಹಣ ಮತ್ತು ವಾಹನ ಚಾಲಕನ ಕೈಯಲ್ಲಿರುವ ಅಮಾನತ್ತುಗಳು.

ಚಾಲಕರು, ಕ್ಲೀನರುಗಳು, ಗ್ಯಾರೇಜ್ ಕೆಲಸಗಾರರ ಸಾಮಾಜಿಕ ಭದ್ರತೆಗಾಗಿ 2024ರಲ್ಲಿ ರಾಜ್ಯ ಸರಕಾರ ಪ್ರತ್ಯೇಕ ಕಾಯ್ದೆ ತಂದಿದೆ. ತನ್ನ ಚಾಲಕನ ಹೆಸರನ್ನು ಅದರಡಿ ನೋಂದಾಯಿಸಲು ನೆರವಾಗುವುದು ಮಾಲಿಕನಿಗೆ ಸುಲಭದ ಕೆಲಸ. ಬಾಡಿಗೆ, ಬತ್ತೆ, ವಿಶ್ರಾಂತಿಯ ವೇಳೆಗಳನ್ನು ಪ್ರಯಾಣಕ್ಕೆ ಮೊದಲೇ ಮಾತಾಡಿಕೊಳ್ಳೋಣ, ಗಾಡಿಯಿಂದ ಇಳಿದ ಕೂಡಲೇ ಹಣ ಕೊಡೋಣ. ದಾಸರ ಹಕ್ಕನ್ನು ಇಲ್ಲಿ ತೀರಿಸದವನು ಪರಲೋಕದಲ್ಲಿ ತೀರಿಸಬೇಕಾಗುತ್ತದೆ.