ಪಕ್ಕದ ಬೆಂಚಿನವರನ್ನು ಮಾತಾಡಿಸು

ಮಗಳೇ,

ಪುಟ್ಟಿಯನ್ನು ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಮನೋವೈದ್ಯರಿಗೆ ತೋರಿಸಿದೆ ಎಂದು ನೀನು ಫೋನಿನಲ್ಲಿ ಹೇಳಿದಾಗ ನನಗೆ ಎಷ್ಟೋ ಸಮಾಧಾನವಾಯಿತು. ಹನ್ನೆರಡು ವರ್ಷದ ಹುಡುಗಿ ಬೆಳಿಗ್ಗೆ ಎದ್ದು ತಾನೇ ಯೂನಿಫಾರ್ಮ್ ಹಾಕಿಕೊಳ್ಳುತ್ತಾಳೆ, ಜಡೆ ಹಾಕಿಸಿಕೊಳ್ಳುತ್ತಾಳೆ, ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಜಗಲಿಯಲ್ಲಿ ಕೂರುತ್ತಾಳೆ. ಆಟೋ ಸದ್ದು ಕೇಳಿದ್ದೇ ಹೊಟ್ಟೆ ಹಿಡಿದುಕೊಂಡು ಮುದುರಿಕೊಳ್ಳುತ್ತಾಳೆ. ಅದನ್ನು ಅತ್ತೆಯವರು ದೃಷ್ಟಿ ಎಂದರು, ಓರಗಿತ್ತಿ ಸೋಂಕು ಎಂದಳು, ಮೇಷ್ಟ್ರು ಸೋಮಾರಿತನ ಎಂದರು. ನೀನೊಬ್ಬಳೇ ಅದು ಭಯ ಎಂದು ಗುರುತಿಸಿದೆ. ಅಷ್ಟು ಜನರ ಮಾತಿನ ನಡುವೆ ಮಗುವಿನ ಮುಖ ನೋಡಿ ತಿಳಿದುಕೊಂಡೆಯಲ್ಲ, ಅದು ಸಣ್ಣ ಮಾತಲ್ಲ.

ಡಾಕ್ಟರು ಹೇಳಿದ್ದೂ ಸರಿಯೇ ಇದೆ. ಈಗ ಮಾತ್ರೆ ಬೇಡ, ವಾರಕ್ಕೊಮ್ಮೆ ಅವಳನ್ನು ಕೂರಿಸಿಕೊಂಡು ಮಾತಾಡಿಸುವ, ಸ್ವಲ್ಪಸ್ವಲ್ಪವೇ ಶಾಲೆಗೆ ಒಗ್ಗಿಸುವ ಆಪ್ತಸಮಾಲೋಚಕರು ಬೇಕು. ಆದರೆ ನಿಮ್ಮೂರಲ್ಲಿ ಅಂಥವರಿಲ್ಲ. ಜಿಲ್ಲೆಯಲ್ಲಿ ಹುದ್ದೆಯಿದೆ, ಜನ ಇಲ್ಲ. ಬೆಂಗಳೂರಿಗೆ ಹೋಗಿ ಎಂದರಂತೆ. ಒಮ್ಮೆ ನಿಮ್ಹಾನ್ಸ್‌ಗೆ ಖಂಡಿತ ಹೋಗಿ ಬಾ. ಅಲ್ಲಿ ಮಕ್ಕಳಿಗೇ ಬೇರೆ ವಿಭಾಗವಿದೆ, ಹೆತ್ತವರನ್ನೂ ಕೂರಿಸಿ ಕೇಳುತ್ತಾರೆ. ಆದರೆ ವಾರವಾರ ರಾತ್ರಿ ಬಸ್ಸು ಹತ್ತಿ, ಎರಡು ದಿನದ ಕೂಲಿ ಬಿಟ್ಟು ಹೋಗಿ ಬರಲು ಯಾವ ಮನೆಗೂ ಆಗುವುದಿಲ್ಲ. ನಾಲ್ಕನೇ ವಾರಕ್ಕೆ ನಿಂತುಹೋಗುತ್ತದೆ. ಹಾಗಾಗಿ ಸಮಾಲೋಚಕರೇ ನಿಮ್ಮ ತಾಲ್ಲೂಕಿಗೆ ಬರಬೇಕು. ಅದು ನೀನೊಬ್ಬಳೇ ಕೇಳಿದರೆ ಆಗುವ ಕೆಲಸವಲ್ಲ. ಒಬ್ಬ ತಾಯಿ ಹೋಗಿ ಕೇಳಿದರೆ ಅಧಿಕಾರಿಗಳು ಅಯ್ಯೋ ಪಾಪ ಎನ್ನುತ್ತಾರೆ. ಹತ್ತು ಮನೆಯವರು ಒಟ್ಟಿಗೆ ಹೋಗಿ ಕೇಳಿದರೆ ಕಡತ ತೆರೆಯುತ್ತಾರೆ. ಮಾಸ್ತರಿಕೆ ಮಾಡಿದ ಅಷ್ಟೂ ವರ್ಷ, ನನ್ನ ದೊಡ್ಡ ಮಗ ಹದಿಮೂರಕ್ಕೆ ಗೀಳಿನ ಕಾಯಿಲೆಗೆ ಬಿದ್ದು ಕೈಯ ಚರ್ಮ ಏಳುವ ತನಕ ತೊಳೆಯುತ್ತಿದ್ದ ದಿನಗಳಲ್ಲೂ, ನಾನು ಕಂಡದ್ದು ಇದನ್ನೇ.

ಹತ್ತು ಮನೆ ಎಲ್ಲಿಂದ ತರಲಿ ಎನ್ನುತ್ತೀಯ. ಮಂಗಳವಾರ ನಿನ್ನ ಪಕ್ಕದಲ್ಲೇ ಕೂತಿದ್ದರಲ್ಲ! ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವುದು ಮಂಗಳವಾರ. ಹೀಗಾಗಿ ಇಡೀ ತಾಲ್ಲೂಕಿನ ಕಷ್ಟ ಆ ಒಂದು ದಿನ ಆ ಒಂದು ವರಾಂಡದಲ್ಲಿ ಸೇರಿರುತ್ತದೆ. ಎಲ್ಲರೂ ಚೀಟಿ ಹಿಡಿದು ನೆಲ ನೋಡುತ್ತಿರುತ್ತಾರೆ. ಮುಂದಿನ ಸಲ ಪಕ್ಕದ ಬೆಂಚಿನವರನ್ನು ಮಾತಾಡಿಸು. ಏನು ಕಾಯಿಲೆ ಎಂದು ಮಾತ್ರ ಕೇಳಬೇಡ. ಯಾವ ಊರು, ಬೆಳಿಗ್ಗೆ ಎಷ್ಟು ಹೊತ್ತಿಗೆ ಹೊರಟಿರಿ, ಮಗು ತಿಂಡಿ ತಿಂದಿತೇ ಎಂದು ಕೇಳು. ಉಳಿದದ್ದನ್ನು ಅವರೇ ಹೇಳುತ್ತಾರೆ. ಮನೆಯಲ್ಲಿ ಯಾರೂ ಕೇಳಿಸಿಕೊಳ್ಳದ ಮಾತು ಅಲ್ಲಿ ತಾನಾಗಿ ಹೊರಗೆ ಬರುತ್ತದೆ.

ನಾಲ್ಕು ಮನೆಯಾದರೂ ಸಾಕು, ಶುರು ಮಾಡು. ನೀನು ಸ್ತ್ರೀಶಕ್ತಿ ಸಂಘದಲ್ಲಿ ಇದ್ದವಳು, ನಡಾವಳಿ ಪುಸ್ತಕ ಬರೆಯುವುದು, ಸರದಿಯ ಮೇಲೆ ಜವಾಬ್ದಾರಿ ಹಂಚುವುದು ನಿನಗೆ ನಾನು ಕಲಿಸಬೇಕಿಲ್ಲ. ಒಂದೇ ಒಂದು ಕಟ್ಟುನಿಟ್ಟು ಇರಲಿ: ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮಗುವಿನ ಹೆಸರು, ಫೋಟೊ, ಔಷಧಿ ಚೀಟಿ ಯಾವುದೂ ಬರಕೂಡದು. ಇವತ್ತಿನ ಚಿತ್ರ ಇನ್ನು ಹತ್ತು ವರ್ಷಕ್ಕೆ ಯಾರ ಕೈಯಲ್ಲಿರುತ್ತದೋ ಗೊತ್ತಿಲ್ಲ. ಮಕ್ಕಳನ್ನೂ ಕೇಳಬೇಕು. ಅಮ್ಮ ಅಧಿಕಾರಿಗಳ ಹತ್ತಿರ ನಿನ್ನ ವಿಷಯ ಮಾತಾಡಲೇ ಎಂದು ಪುಟ್ಟಿಯನ್ನು ಕೇಳು. ಬೇಡ ಎಂದರೆ ಅವಳ ಕತೆ ಹೇಳಬೇಡ. ತಾಲ್ಲೂಕಿನ ಮಕ್ಕಳ ಪರವಾಗಿ ಮಾತಾಡಲು ನಿನ್ನ ಮಗಳ ಹೆಸರು ಬೇಕಾಗಿಲ್ಲ.

ಅಪ್ಪಂದಿರನ್ನೂ ಎಳೆದು ತಾ. ಆಸ್ಪತ್ರೆಗೆ ಬರುವುದು ತಾಯಂದಿರು, ರಜೆ ಹಾಕುವುದು ತಾಯಂದಿರು, ಬೈಗುಳ ತಿನ್ನುವುದೂ ತಾಯಂದಿರೇ. ಇದು ಸರಿಯಲ್ಲ.

ಇನ್ನು ನಾನು ಹೆಚ್ಚು ಒತ್ತಿ ಹೇಳಬೇಕಾದ ಮಾತು. ನಿನ್ನ ಮಗಳಂಥ ಮಕ್ಕಳ ಮನೆಯವರನ್ನು ಮಾತ್ರ ಹುಡುಕಬೇಡ. ಆಟಿಸಂ ಇರುವ ಮಕ್ಕಳ ಹೆತ್ತವರದು ಒಂದು ಗುಂಪು, ಕಲಿಕಾ ನ್ಯೂನತೆಯವರದು ಇನ್ನೊಂದು, ಬುದ್ಧಿಮಾಂದ್ಯ ಮಕ್ಕಳವರದು ಮತ್ತೊಂದು ಆಗುತ್ತದೆ. ಭಯ, ಖಿನ್ನತೆ, ಗೀಳು ಇರುವ ಮಕ್ಕಳ ಹೆತ್ತವರಿಗೆ ಗುಂಪೇ ಇರುವುದಿಲ್ಲ, ಏಕೆಂದರೆ ಅವರು ಹೊರಗೆ ಹೇಳಿಕೊಳ್ಳುವುದಿಲ್ಲ. ಬೇಕಾಗಿರುವುದು ಮಾತ್ರ ಎಲ್ಲರಿಗೂ ಹೆಚ್ಚುಕಡಿಮೆ ಅದೇ: ಮಗುವಿನ ಮನಸ್ಸು ಬಲ್ಲ ಒಬ್ಬರು, ಅವರು ಕೂರಲು ಒಂದು ಕೋಣೆ, ತಿಳಿವಳಿಕೆಯಿರುವ ಶಾಲೆ. ಹೆತ್ತವರು ಒಂದಾದರೆ ಏನಾಗುತ್ತದೆ ಎನ್ನುವುದು ನಮ್ಮ ದೇಶದಲ್ಲೇ ಆಗಿರುವ ಸಂಗತಿ. ಬುದ್ಧಿಮಾಂದ್ಯ ಮಕ್ಕಳ ಹೆತ್ತವರ ಸಂಘಗಳು ಊರೂರಿನಿಂದ ಸೇರಿ 1995ರಲ್ಲಿ ಪರಿವಾರ್ ಎಂಬ ರಾಷ್ಟ್ರೀಯ ಒಕ್ಕೂಟ ಕಟ್ಟಿದವು. ನಾವು ಹೋದ ಮೇಲೆ ಈ ಮಕ್ಕಳಿಗೆ ಯಾರು ಎಂಬ ಹೆತ್ತವರ ಪ್ರಶ್ನೆ ದೆಹಲಿಯವರೆಗೂ ಮುಟ್ಟಿ, 1999ರಲ್ಲಿ ರಾಷ್ಟ್ರೀಯ ನ್ಯಾಸ ಕಾಯ್ದೆ ಬಂತು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವಿಧ ಅಂಗವೈಕಲ್ಯ ಇರುವವರಿಗೆ ಕಾನೂನುಬದ್ಧ ಪೋಷಕರನ್ನು ನೇಮಿಸುವ ದಾರಿ ಅದರಿಂದ ಆಯಿತು. ಮುಂದೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಅಂಗವೈಕಲ್ಯದ ಪಟ್ಟಿ 7ರಿಂದ 21ಕ್ಕೆ ಏರಿತು, ಆಟಿಸಂ ಮತ್ತು ಕಲಿಕಾ ನ್ಯೂನತೆ ಅದರೊಳಗೆ ಬಂದವು. ಅಷ್ಟು ದಿನ ಅವರು ನಡೆದ ದಾರಿಯ ಅನುಭವ ನಿನಗೆ ಬೇಕು. ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ಬಹಳ ಸಲ ಅವರೂ ಅಂಗವಿಕಲರೇ. ಯಾವ ಮನೆಯಲ್ಲಿ ಯಾವ ಮಗುವಿದೆ, ಯಾವ ಕಚೇರಿಯಲ್ಲಿ ಯಾವ ಮೇಜು ಎಂಬುದು ಅವರಿಗೆ ಗೊತ್ತು. ಅವರನ್ನು ಮೊದಲು ಕಾಣು. ಆಶಾ ಕಾರ್ಯಕರ್ತೆ ಇದ್ದೇ ಇದ್ದಾಳೆ.

ಶಾಲೆಯ ಜೊತೆ ಜಗಳ ಬೇಡ. ಹೆಡ್‌ಮಾಸ್ಟರು ಟಿಸಿ ತೆಗೆದುಕೊಂಡು ಹೋಗಿ ಎಂದರೆಂದು ನೀನು ಅತ್ತೆ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಎಂಟನೇ ತರಗತಿ ಮುಗಿಯುವ ತನಕ ಯಾವ ಮಗುವನ್ನೂ ಹೊರಹಾಕುವಂತಿಲ್ಲ. ಇದನ್ನು ಎಸ್‌ಡಿಎಂಸಿ ಸಭೆಯಲ್ಲಿ ಮೆತ್ತಗೆ, ಆದರೆ ಗಟ್ಟಿಯಾಗಿ ಹೇಳು. ಆ ಮೇಷ್ಟ್ರನ್ನೂ ಗುಂಪಿಗೆ ಸೇರಿಸಿಕೊಳ್ಳಲು ನೋಡು. ಅರವತ್ತು ಮಕ್ಕಳ ಕೊಠಡಿಯಲ್ಲಿ ಒಂದು ಮಗು ಅತ್ತರೆ ಏನು ಮಾಡಬೇಕೆಂದು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ. ಶಾಲೆಗಳಿಗೆ ಆರೋಗ್ಯ ತಪಾಸಣೆಗೆ ಬರುವ ಆರ್‌ಬಿಎಸ್‌ಕೆ ತಂಡದ ಪಟ್ಟಿಯಲ್ಲಿ ಆಟಿಸಂ, ಕಲಿಕಾ ತೊಂದರೆ, ಗಮನ ಕೊರತೆ ಇವೆ. ಪುಟ್ಟಿಯಂಥವರ ಭಯ ಆ ಪಟ್ಟಿಯಲ್ಲಿಲ್ಲ. ಹದಿಹರೆಯದವರಿಗೆಂದು ಇರುವ ಸ್ನೇಹ ಕ್ಲಿನಿಕ್‌ಗಳಲ್ಲಿ ಮನಸ್ಸಿನ ಆರೋಗ್ಯವೂ ಒಂದು ವಿಷಯ. ನಿಮ್ಮಲ್ಲಿ ಅದು ನಡೆಯುತ್ತಿದೆಯೇ, ಯಾವ ದಿನ, ಯಾರು ಕೂರುತ್ತಾರೆ ಎಂದು ವಿಚಾರಿಸು.

ಕೇಳುವುದನ್ನು ಬರಹದಲ್ಲಿ ಕೇಳಬೇಕು. ಮಕ್ಕಳ ಮಾನಸಿಕ ಆರೋಗ್ಯ ಸುಧಾರಿಸಿ ಎಂದು ಬರೆದರೆ ಯಾರೂ ಏನೂ ಮಾಡಲಾರರು. ಅಧಿಕಾರಿ ಒಂದು ಸಹಿಯಿಂದ ಮಾಡಬಹುದಾದದ್ದನ್ನು ಕೇಳಿ. ತಿಂಗಳ ಮೊದಲ ಮಂಗಳವಾರ ಬೆಳಿಗ್ಗೆ ಎರಡು ಗಂಟೆ ಮಕ್ಕಳಿಗೇ ಮೀಸಲಿಡಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮನಶ್ಶಾಸ್ತ್ರಜ್ಞರ ಖಾಲಿ ಹುದ್ದೆ ತುಂಬಿ, ಅವರನ್ನು ವಾರಕ್ಕೊಂದು ದಿನ ಈ ತಾಲ್ಲೂಕಿಗೆ ಕಳಿಸಿ. ಇಷ್ಟೇ, ಎರಡೇ ಬೇಡಿಕೆ. ಮೇಲೆ ಕಾನೂನಿನ ಸಾಲು ಹಾಕಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೇ ಸೆಕ್ಷನ್ ಸರ್ಕಾರದಿಂದ ಮಾನಸಿಕ ಚಿಕಿತ್ಸೆ ಪಡೆಯುವುದನ್ನು ಹಕ್ಕು ಎನ್ನುತ್ತದೆ. ಸರ್ಕಾರ ಒದಗಿಸಬೇಕಾದ ಸೇವೆಗಳಲ್ಲಿ ಮಕ್ಕಳ ಸೇವೆಯನ್ನು ಹೆಸರಿಟ್ಟು ಹೇಳುತ್ತದೆ. ಕನಿಷ್ಠ ಸೇವೆಯೂ ಜಿಲ್ಲೆಯ ಸರ್ಕಾರಿ ವ್ಯವಸ್ಥೆಯಲ್ಲಿ ಸಿಗದಿದ್ದರೆ ಅದೇ ಜಿಲ್ಲೆಯಲ್ಲಿ ಬೇರೆ ಕಡೆ ಪಡೆದ ಚಿಕಿತ್ಸೆಯ ವೆಚ್ಚವನ್ನು ಸರ್ಕಾರ ಭರಿಸಬೇಕು ಎಂದೂ ಇದೆ. ಇದನ್ನು ಓದಿದ ಅಧಿಕಾರಿ ಅರ್ಜಿಯನ್ನು ಹಗುರವಾಗಿ ಪಕ್ಕಕ್ಕಿಡುವುದಿಲ್ಲ.

ಅರ್ಜಿ ಜಿಲ್ಲಾ ಆರೋಗ್ಯಾಧಿಕಾರಿಗೆ, ಪ್ರತಿ ಜಿಲ್ಲಾಧಿಕಾರಿಗೆ ಮತ್ತು ಜಿಲ್ಲಾ ಪಂಚಾಯಿತಿ ಸಿಇಒಗೆ. ಸಾಹೇಬರ ಕೈಗೇ ಕೊಟ್ಟು ನಮಸ್ಕರಿಸಿ ಬರಬೇಡಿ; ಟಪಾಲು ವಿಭಾಗಕ್ಕೆ ಹೋಗಿ ನಿಮ್ಮ ಪ್ರತಿಯ ಮೇಲೆ ಸೀಲು, ದಿನಾಂಕ, ಇನ್‌ವರ್ಡ್ ನಂಬರ್ ಹಾಕಿಸಿ. ಮುಂದಿನ ಸಲ ಹೋದಾಗ ಆ ನಂಬರ್ ಹೇಳಿದರೆ ಗುಮಾಸ್ತರು ತಲೆ ಎತ್ತಿ ನೋಡುತ್ತಾರೆ. ಉತ್ತರ ಬಾರದಿದ್ದರೆ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು ಮಾಹಿತಿ ಹಕ್ಕಿನಲ್ಲಿ ಕೇಳಿ: ಮಂಜೂರಾದ ಹುದ್ದೆ ಎಷ್ಟು, ತುಂಬಿದ್ದು ಎಷ್ಟು, ಯಾವಾಗಿನಿಂದ ಖಾಲಿ. ಮೂವತ್ತು ದಿನದೊಳಗೆ ಉತ್ತರ ಕೊಡಬೇಕು. ಆ ಉತ್ತರದ ಹಾಳೆ ಹಿಡಿದು ಶಾಸಕರ ಬಳಿ ಹೋಗಿ. ಅತ್ತುಕೊಂಡು ಹೋದರೆ ಸಿಗುವುದು ಸಮಾಧಾನದ ಮಾತು, ಅಂಕಿ ಹಿಡಿದು ಹೋದರೆ ಫೋನ್ ಕರೆ.

ಡಾಕ್ಟರನ್ನು ಎದುರಾಳಿ ಎಂದುಕೊಳ್ಳಬೇಡ. ಐದು ನಿಮಿಷ ನೋಡಿದರು ಎಂದು ನಿನಗೆ ಬೇಸರವಾಯಿತು. ಹೊರಗೆ ಅರವತ್ತು ಜನ ಕಾಯುತ್ತಿದ್ದರು, ಅವರೇನು ಮಾಡಬೇಕಿತ್ತು? ನನಗೆ ಪರಿಚಯವಿದ್ದ ಒಬ್ಬ ಮನೋವೈದ್ಯರು, "ಅಮ್ಮಾ, ಸಹಾಯಕ್ಕೆ ಜನ ಕೊಡಿ ಅಂತ ನಾನು ಬರೆದರೆ ಅದು ಇಲಾಖೆಯ ಪತ್ರ; ನೀವು ಬರೆದರೆ ಜನರ ಬೇಡಿಕೆ" ಎಂದಿದ್ದರು. ಅರ್ಜಿ ಬರೆಯುವ ಮುನ್ನ ನಿಮ್ಮ ಡಾಕ್ಟರನ್ನೂ ಕೇಳು, ಅವರಿಗೆ ಏನು ಬೇಕೆಂದು. ಸಹಾಯಕ್ಕೆ ಜನ ಸಿಕ್ಕರೆ ಇದು ಆಗದ ಕೆಲಸವಲ್ಲ. 1980ರ ದಶಕದಲ್ಲಿ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್‌ನವರು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು, ಕಾರ್ಯಕರ್ತರನ್ನು ತರಬೇತುಗೊಳಿಸಿ ಹಳ್ಳಿಯಲ್ಲೇ ಚಿಕಿತ್ಸೆ ಕೊಡಬಹುದೆಂದು ತೋರಿಸಿದರು. 1996ರಲ್ಲಿ ದೇಶದ ಜಿಲ್ಲಾ ಕಾರ್ಯಕ್ರಮ ಆ ಮಾದರಿಯ ಮೇಲೆಯೇ ಶುರುವಾಯಿತು. ಹಳ್ಳಿಗೆ ಚಿಕಿತ್ಸೆ ತಲುಪಿಸಿ ತೋರಿಸಿದ ನಾಡಿನಲ್ಲಿ ಮಕ್ಕಳಿಗೆ ಅದು ತಲುಪದಿರಲು ಕಾರಣವೇ ಇಲ್ಲ.

ಇನ್ನೊಂದು ವಿಷಯ ತಲೆಯಲ್ಲಿರಲಿ, ಈಗಲ್ಲದಿದ್ದರೆ ಮುಂದೆ. ಅದೇ 2017ರ ಕಾಯ್ದೆ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ಆರೈಕೆ ಮಾಡುವವರ ಪ್ರತಿನಿಧಿಗಳಾಗಿ ಇಬ್ಬರು ಇರಬೇಕು ಎನ್ನುತ್ತದೆ. ಕಾಯಿಲೆ ಅನುಭವಿಸಿದವರಿಗೂ ಎರಡು ಸ್ಥಾನ ಇದೆ. ಆ ಕುರ್ಚಿಗಳಲ್ಲಿ ಮಕ್ಕಳ ಹೆತ್ತವರೂ ಕೂರಬೇಕು ಎಂಬುದು ನನ್ನ ಆಸೆ. ನಿಮ್ಮಂಥ ಸಂಘಗಳು ನಾಲ್ಕಾರು ತಾಲ್ಲೂಕಿನಲ್ಲಿ ಎದ್ದರೆ ಅದು ದೂರದ ಮಾತಲ್ಲ.

ದುಡ್ಡಿನ ವಿಷಯದಲ್ಲಿ ಹುಷಾರು. ಔಷಧಿ ಕಂಪನಿಯವರ ಬ್ಯಾನರ್ ಬೇಡ, ಚುನಾವಣೆಗೆ ನಿಲ್ಲುವವರ ದೇಣಿಗೆಯೂ ಬೇಡ. ಮನೆಗೆ ಐವತ್ತು ರೂಪಾಯಿ ಹಾಕಿದರೆ ಜೆರಾಕ್ಸ್‌ಗೂ ಬಸ್ಸಿಗೂ ಆಗುತ್ತದೆ.

ಮತ್ತೆ, ನಿನಗೆ ಸುಸ್ತಾದ ದಿನ ಹೋಗಬೇಡ. ಪುಟ್ಟಿಗೆ ಕಷ್ಟವಾದ ವಾರ ಸಂಘದ ಕೆಲಸ ಬೇರೆಯವರು ನೋಡಿಕೊಳ್ಳಲಿ. ಸರದಿ ಇರಬೇಕು ಎಂದಿದ್ದು ಇದಕ್ಕೇ. ಖಾಲಿ ಹುದ್ದೆ ತುಂಬಲು ತಿಂಗಳುಗಳು ಹಿಡಿಯಬಹುದು, ಅಷ್ಟರಲ್ಲಿ ಗುಂಪಿನ ಯಾವುದೋ ಮನೆಯಲ್ಲಿ ರಾತ್ರಿ ಹೊತ್ತು ಮಗು ಬದುಕೇ ಬೇಡ ಎನ್ನಬಹುದು, ಹೆತ್ತವರಿಗೆ ದಿಕ್ಕು ತೋಚದೆ ಹೋಗಬಹುದು. ಅಂಥ ಮಾತು ಕಿವಿಗೆ ಬಿದ್ದರೆ ಮಗುವನ್ನು ಒಂಟಿಯಾಗಿ ಬಿಡದೆ ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. 2022ರ ಅಕ್ಟೋಬರ್ 10ರಿಂದ ಟೆಲಿ ಮಾನಸ್ ಎಂಬ ಸಹಾಯವಾಣಿ ನಡೆಯುತ್ತಿದೆ. 14416ಕ್ಕೆ ಹಗಲು ರಾತ್ರಿ ಯಾವಾಗ ಕರೆ ಮಾಡಿದರೂ ದುಡ್ಡಿಲ್ಲದೆ, ಕನ್ನಡದಲ್ಲೇ ಮಾತಾಡುತ್ತಾರೆ. ಈ ನಂಬರನ್ನು ಇವತ್ತೇ ಎಲ್ಲರ ಫೋನಿನಲ್ಲೂ ಹಾಕಿಸಿಬಿಡು.